ಇಲಿಗೆ ಜಾಗವಿಲ್ಲದ ದೋಣಿ: ಟಿರಿಟಿರಿ ಮಾಟಂಗಿಗೆ ಹೊರಟ ಹಳೇ ಡಿಂಗಿಯ ರಿಪೇರಿ

ಮೊದಲು ದೋಣಿಯ ವಿವರ. ಹನ್ನೆರಡಡಿಯ ಅಲ್ಯೂಮಿನಿಯಂ ಡಿಂಗಿ. ವೆಲ್ಡಿಂಗ್ ಅಲ್ಲ, ರಿವೆಟ್ ಹೊಡೆದು ಕಟ್ಟಿದ್ದು. ಅಡ್ಡಕ್ಕೆ ಮೂರು ಪೆಟ್ಟಿಗೆ ಸೀಟು, ಹಿಂದೆ 15 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಕೆಳಗೆ ತುಕ್ಕು ಹಿಡಿದ ಟ್ರೇಲರ್. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಉತ್ತರ ಭಾಗದ ಒಂದು ಮನೆಯ ಹಿತ್ತಲಲ್ಲಿ, ಬೇಲಿಗಿಡದ ಬುಡದಲ್ಲಿ ಟಾರ್ಪಾಲು ಹೊದ್ದು ವರ್ಷಗಟ್ಟಲೆ ಬಿದ್ದಿತ್ತು. ಕೊಂಡದ್ದು ನಾನು ಮತ್ತು ಭಾವ ಪಾಲಿನಲ್ಲಿ. ಭಾವ ಕುಂದಾಪುರದ ಕಡೆಯವರು, ಗಂಗೊಳ್ಳಿ ಅಳಿವೆ ನೋಡುತ್ತಾ ಬೆಳೆದವರು. ನಾನು ಬಯಲುಸೀಮೆಯವನು, ನೀರಿನ ವಿಷಯದಲ್ಲಿ ಅವರ ಮಾತೇ ಕೊನೆ, ಸ್ಪ್ಯಾನರಿನ ವಿಷಯದಲ್ಲಿ ನನ್ನದು.

ಹೋಗಬೇಕಾದ ಜಾಗ ಟಿರಿಟಿರಿ ಮಾಟಂಗಿ. ಹೌರಾಕಿ ಕೊಲ್ಲಿಯಲ್ಲಿ, ಫಂಗಪರಾವಾ ಪರ್ಯಾಯದ್ವೀಪದ ತುದಿಯಿಂದ ನಾಲ್ಕು ಕಿಲೋಮೀಟರಿನೊಳಗೆ ಇರುವ 220 ಹೆಕ್ಟೇರಿನ ದ್ವೀಪ. ಫೆರಿ ಇದೆ, ಹತ್ತಿ ಕೂತರೆ ಸಾಕು. ಹಾಗಿದ್ದೂ ಸ್ವಂತ ದೋಣಿ ಯಾಕೆ ಎಂದು ಕೇಳುವವರಿಗೆ ನನ್ನ ಹತ್ತಿರ ಉತ್ತರವಿಲ್ಲ. ಹಿತ್ತಲಲ್ಲಿ ದೋಣಿ ಬಿದ್ದಿರುವವರು ಈ ಪ್ರಶ್ನೆ ಕೇಳುವುದಿಲ್ಲ.

ಈ ದ್ವೀಪಕ್ಕೆ ದೋಣಿ ತಯಾರು ಮಾಡುವುದೆಂದರೆ ಎರಡು ಕೆಲಸ. ಒಂದು ಎಲ್ಲರಿಗೂ ಗೊತ್ತಿರುವುದು: ನೀರು ಒಳಗೆ ಬರಬಾರದು, ಎಂಜಿನ್ ನಡುದಾರಿಯಲ್ಲಿ ನಿಲ್ಲಬಾರದು. ಇನ್ನೊಂದು, ದೋಣಿಯೊಳಗೆ ಕಣ್ಣಿಗೆ ಕಾಣದ ಮೂಲೆಯೇ ಇರಬಾರದು. ನಮ್ಮ ಮುಕ್ಕಾಲು ಪಾಲು ಶ್ರಮ ಹೋದದ್ದು ಈ ಎರಡನೆಯದಕ್ಕೆ. ಅದಕ್ಕೇ ಈ ದಾಖಲೆ.

ಕಾರಣ ಸ್ವಲ್ಪ ಹೇಳಬೇಕು. ಟಿರಿಟಿರಿ ಒಂದು ಕಾಲದಲ್ಲಿ ಕುರಿ ದನ ಮೇಯಿಸುವ ಬೋಳು ಗುಡ್ಡವಾಗಿತ್ತು. 1984ರಿಂದ 1994ರವರೆಗೆ ಸ್ವಯಂಸೇವಕರು ಎರಡೂವರೆ ಲಕ್ಷಕ್ಕೂ ಹೆಚ್ಚು ಗಿಡ ನೆಟ್ಟು ಅದನ್ನು ಕಾಡು ಮಾಡಿದರು. 1993ರಲ್ಲಿ ಆಕಾಶದಿಂದ ವಿಷದ ತಿನಿಸು ಎರಚಿ ಕಿಯೋರೆ ಎಂಬ ಇಲಿಯ ಸಂತತಿಯನ್ನು ಪೂರ್ತಿ ತೆಗೆದರು. ಇವತ್ತು ಅಲ್ಲಿ ಟಿಯೆಕೆ, ಹಿಹಿ, ಕೋಕಕೊ ಹಕ್ಕಿಗಳಿವೆ. 2003ರಲ್ಲಿ ತಂದುಬಿಟ್ಟ, ಹಲ್ಲಿಯಂತೆ ಕಾಣುವ ಟುವಾಟಾರಾ ಎಂಬ ಸರೀಸೃಪಗಳಿವೆ. ಹಾರಲಾರದ ತಾಕಹೇ ದಾರಿ ಬದಿಯಲ್ಲೇ ಹುಲ್ಲು ಮೇಯುತ್ತಿರುತ್ತದೆ. ಈ ತಾಕಹೇ ಪೂರ್ತಿ ಅಳಿದೇಹೋಯಿತೆಂದು ತಿಳಿದಿದ್ದಾಗ 1948ರಲ್ಲಿ ದಕ್ಷಿಣದ ಬೆಟ್ಟಗಳಲ್ಲಿ ಮತ್ತೆ ಸಿಕ್ಕ ಹಕ್ಕಿ. ಇಂಥ ಕಡೆಗೆ ಒಂದು ಬಸುರಿ ಇಲಿ ಇಳಿದರೆ ಮುಗಿಯಿತು.

ಒಂದು ಇಲಿ ಏನು ಮಾಡೀತು ಅನ್ನುವವರಿಗೆ ಇದೇ ಕೊಲ್ಲಿಯ ಕತೆಯೊಂದಿದೆ. 2004ರಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದ ಜೇಮ್ಸ್ ರಸೆಲ್ ಮತ್ತು ಸಂಗಡಿಗರು ಒಂದು ಗಂಡು ಇಲಿಗೆ ರೇಡಿಯೋ ಪಟ್ಟಿ ಕಟ್ಟಿ, ಇಲಿಯಿಲ್ಲದ ಮೊಟುಹೊರೊಪಾಪಾ ಎಂಬ ಪುಟ್ಟ ದ್ವೀಪದಲ್ಲಿ ಬೇಕೆಂದೇ ಬಿಟ್ಟರು. ಹಿಡಿಯಲು ಎಷ್ಟು ಕಷ್ಟ ನೋಡೋಣ ಅಂತ. ಬೋನು, ವಿಷ, ನಾಯಿ ಎಲ್ಲ ತಪ್ಪಿಸಿಕೊಂಡ ಅದು 400 ಮೀಟರ್ ತೆರೆದ ನೀರು ಈಜಿ ಪಕ್ಕದ ಒಟಾಟಾ ದ್ವೀಪಕ್ಕೆ ಹೋಯಿತು. ಹದಿನೆಂಟು ವಾರದ ನಂತರ ಪೆಂಗ್ವಿನ್ ಮಾಂಸ ಇಟ್ಟ ಬೋನಿಗೆ ಬಿತ್ತು. ಗೊತ್ತಿದ್ದೂ ಬಿಟ್ಟ, ರೇಡಿಯೋ ಕಟ್ಟಿದ ಇಲಿಯ ಪಾಡೇ ಹೀಗಾದರೆ, ನಮ್ಮ ಸೀಟಿನ ಕೆಳಗಿಂದ ಗೊತ್ತಾಗದೆ ಇಳಿದದ್ದರ ಗತಿ ಹೇಳಬೇಕಿಲ್ಲ.

ಬಿಚ್ಚಿದ್ದು

ಚಳಿಗಾಲದಲ್ಲಿ ಶುರು. ಇಲ್ಲಿ ಚಳಿಗಾಲವೆಂದರೆ ಜೂನ್, ಜುಲೈ. ಟಾರ್ಪಾಲು ತೆಗೆದು ಎಲ್ಲ ಹೊರಗೆ ಹಾಕಿದೆವು: ಹಲಗೆ ನೆಲ, ಅದರ ಮೇಲಿನ ಕಾರ್ಪೆಟ್ಟು, ಕೊಳೆತ ಹಗ್ಗ. ಸಮುದ್ರದ ದೋಣಿಗೆ ಕಾರ್ಪೆಟ್ಟು ಹಾಕುವವರ ತಲೆ ನನಗೆ ಅರ್ಥವಾಗಿಲ್ಲ. ಉಪ್ಪುನೀರು ಹೀರಿ ತಿಂಗಳುಗಟ್ಟಲೆ ಅಲ್ಯೂಮಿನಿಯಂಗೆ ಒತ್ತಿಕೊಂಡಿರುತ್ತದೆ. ಗಾಳಿಯಾಡದ ಕಡೆ ಲೋಹದ ಮೇಲಿನ ರಕ್ಷಣೆಯ ಪೊರೆ ಮತ್ತೆ ಕಟ್ಟುವುದಿಲ್ಲ. ಸಣ್ಣ ಸಣ್ಣ ಗುಳಿ ಬೀಳುತ್ತವೆ. ನಮ್ಮದರಲ್ಲೂ ಬಿದ್ದಿದ್ದವು, ಆದರೆ ಯಾವುದೂ ತೂತಾಗಿರಲಿಲ್ಲ.

ಪೆಟ್ಟಿಗೆ ಸೀಟುಗಳ ಮೇಲಿನ ತಗಡು ಬಿಚ್ಚಿದಾಗ ನಿಜವಾದ ಕೆಲಸ ಕಾಣಿಸಿತು. ದೋಣಿ ಮಗುಚಿದರೂ ಮುಳುಗದಿರಲಿ ಎಂದು ಒಳಗೆ ಬಿಳಿ ಥರ್ಮಾಕೋಲ್ ತುಂಬಿದ್ದರು. ನಡುವಿನ ಸೀಟಿನಲ್ಲಿ ಅದರ ಅರ್ಧ ಪುಡಿಯಾಗಿ, ನಡುವೆ ಹುಲ್ಲು, ಚಿಂದಿಬಟ್ಟೆ, ಹಿಕ್ಕೆ. ಸುಂಡಿಲಿಯ ಗೂಡು, ಹಳೆಯದು. ನೀರು ಬಸಿದು ಹೋಗಲು ಸೀಟಿನ ಬುಡದಲ್ಲಿ ಬಿಟ್ಟ ತೂತುಗಳೇ ಅವಕ್ಕೆ ಬಾಗಿಲು. ಸುಂಡಿಲಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು. ಭಾವ ಮೂಗು ಮುಚ್ಚಿಕೊಂಡು ನೋಡಿದರು. "ಎಂತ ಮಾರಾಯಾ, ಇದ್ ದೋಣಿಯಾ, ಇಲಿ ಬೋನಾ?"

ಮುಂದಿನ ಸೀಟಿನಲ್ಲಿ ಇಲಿಯಿಲ್ಲ, ಇರುವೆ. ಅರ್ಜೆಂಟೀನಾ ಇರುವೆಯೋ ಬೇರೆಯೋ ನನಗೆ ಗುರುತು ಹತ್ತದು, ಹತ್ತುವ ಅಗತ್ಯವೂ ಇಲ್ಲ. ಅರ್ಜೆಂಟೀನಾ ಇರುವೆ ಈ ದೇಶದಲ್ಲಿ ಮೊದಲು ಸಿಕ್ಕಿದ್ದು 1990ರಲ್ಲಿ, ಆಕ್ಲೆಂಡಿನ ಮೌಂಟ್ ಸ್ಮಾರ್ಟ್ ಕ್ರೀಡಾಂಗಣದಲ್ಲಿ. ಹತ್ತು ವರ್ಷದಲ್ಲಿ ಅದು ಟಿರಿಟಿರಿಯನ್ನೂ ಮುಟ್ಟಿತು. ಅಲ್ಲಿ 2000ದಲ್ಲಿ ಪತ್ತೆಯಾದದ್ದನ್ನು ತೊಡೆದುಹಾಕಲು ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಆ ಇರುವೆ ಹಾರಿ ಹೋಗಲಿಲ್ಲ. ಯಾರದೋ ಸಾಮಾನಿನೊಟ್ಟಿಗೆ ದೋಣಿ ಹತ್ತಿಯೇ ಹೋಗಿರಬೇಕು.

ಹಾಗಾಗಿ ಮೊದಲ ತೀರ್ಮಾನ: ಸೀಟು ಇನ್ನು ಮುಚ್ಚಿದ ಪೆಟ್ಟಿಗೆಯಾಗಿರುವುದಿಲ್ಲ. ಏನೇ ಮಾಡಿದರೂ ಐದು ನಿಮಿಷದಲ್ಲಿ ಬಿಚ್ಚಿ ಟಾರ್ಚ್ ಹಾಕಿ ನೋಡುವಂತಿರಬೇಕು.

ತೇಲುವ ಲೆಕ್ಕ

ಥರ್ಮಾಕೋಲ್ ತೆಗೆದ ಮೇಲೆ ಅದರ ಬದಲಿಗೆ ಏನಾದರೂ ಬೇಕಲ್ಲ. ಎಷ್ಟು ಬೇಕು? ಬರೀ ದೋಣಿ ಅಂದಾಜು 75 ಕೆ.ಜಿ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ. ಮುಳುಗಿದಾಗ ತನ್ನ ತೂಕದ ಮೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ನೀರಿಗೆ ಬಿಟ್ಟುಕೊಡುತ್ತದೆ, ಉಳಿಯುವುದು 47 ಕೆ.ಜಿ. ಎಂಜಿನ್ 36 ಕೆ.ಜಿ., ಅದಕ್ಕೆ ರಿಯಾಯಿತಿ ಕೊಡಲಿಲ್ಲ. ಒಟ್ಟು 83. ಮನುಷ್ಯರು ಲೈಫ್ ಜಾಕೆಟ್ಟಿನಲ್ಲಿ ತಾವೇ ತೇಲುತ್ತಾರೆ, ಆದರೆ ಮುಳುಗಿದ ದೋಣಿಯ ಅಂಚು ಹಿಡಿದು ನೇತಾಡುತ್ತಾರೆ. ಒಂದು ಲೀಟರ್ ಫೋಮು ಸುಮಾರು ಒಂದು ಕೆ.ಜಿ. ಎತ್ತುತ್ತದೆ. 150 ಲೀಟರ್ ಹಾಕಿದರೆ ಧಾರಾಳ.

ಆರಿಸಿಕೊಂಡದ್ದು ಮುಚ್ಚಿದ ಕಣದ ಪಾಲಿಥಿನ್ ಫೋಮು. ನೀರು ಹೀರದು, ಪುಡಿಯಾಗದು. ಇಲಿಗೆ ಕಡಿಯಲು ಬರುತ್ತದೆ, ಆದರೆ ಕಡಿದದ್ದು ನಮಗೆ ಕಾಣುತ್ತದೆ, ಅಷ್ಟು ಸಾಕು. ದಪ್ಪ ಹಾಳೆಗಳನ್ನು ಸೀಟಿನ ಅಳತೆಗೆ ಕೊಯ್ದು, ಇಟ್ಟಿಗೆಗಳಂತೆ ಜೋಡಿಸಿ, ಪ್ರತಿ ಸೀಟಿಗೂ ಎರಡು ಪಟ್ಟಿ ಬಿಗಿದೆವು. ಮೇಲಿನ ತಗಡಿಗೆ ರಿವೆಟ್ ಬದಲು ಕೈಯಲ್ಲೇ ತಿರುಗಿಸುವ ತಿರುಪು. ಪಟ್ಟಿ ಗಟ್ಟಿಯಾಗಿರುವುದು ಮುಖ್ಯ: ದೋಣಿ ಮಗುಚಿದಾಗ ಫೋಮು ಹೊರಗೆ ತೇಲಿಹೋದರೆ ಲೆಕ್ಕವೆಲ್ಲ ಹೊಳೆಗೆ ಹಾಕಿದ ಹುಣಸೆಹಣ್ಣು.

ಬಸಿಯುವ ತೂತು ಮುಚ್ಚುವ ಹಾಗಿಲ್ಲ, ಮುಚ್ಚಿದರೆ ನೀರು ನಿಲ್ಲುತ್ತದೆ. ಸ್ಟೇನ್‌ಲೆಸ್ ಜಾಲರಿ ಹಾಕಿದೆವು, ಕಣ್ಣು 6 ಮಿಲಿಮೀಟರಿಗಿಂತ ಚಿಕ್ಕದು. ಸ್ಟೇನ್‌ಲೆಸ್ ನೇರವಾಗಿ ಅಲ್ಯೂಮಿನಿಯಂಗೆ ತಾಗಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಆದ್ದರಿಂದ ನಡುವೆ ಸೀಲಂಟಿನ ಪದರ, ಸ್ಕ್ರೂಗೆ ನೈಲಾನ್ ವಾಷರು.

ಸೋರಿಕೆ

ಟ್ರೇಲರಿನ ಮೇಲೇ ದೋಣಿಯೊಳಗೆ ನೀರು ಬಿಟ್ಟು ಹೊರಗೆ ಎಲ್ಲಿ ತೊಟ್ಟಿಕ್ಕುತ್ತದೆ ನೋಡುವುದು ಹಳೆಯ ಉಪಾಯ. ತುಂಬ ನೀರು ಬಿಡಬಾರದು. ಸಮುದ್ರದಲ್ಲಿ ತಳಕ್ಕೆಲ್ಲ ನೀರಿನ ಆಸರೆ ಇರುತ್ತದೆ, ಟ್ರೇಲರಿನ ಮೇಲೆ ನಾಲ್ಕಾರು ರೋಲರ್ ಮಾತ್ರ. ನಡುವೆ ಮರದ ತುಂಡು ಕೊಟ್ಟು ಗೇಣಿಗಿಂತ ಕಡಿಮೆ ಬಿಟ್ಟೆವು. ತೊಟ್ಟಿಕ್ಕಿದ ರಿವೆಟ್ಟಿಗೆಲ್ಲ ಮಾರ್ಕರಿನಲ್ಲಿ ಗುರುತು. ತಳದ ನಡುವೆ ಉದ್ದಕ್ಕೂ ಹೋಗುವ ಏಣು, ಅಂದರೆ ಕೀಲ್, ಅದರ ಮುಂಭಾಗದಲ್ಲೇ ಹೆಚ್ಚು, ಅಲೆಗೆ ಬಡಿಯುವುದು ಅಲ್ಲೇ ತಾನೆ.

ಸಡಿಲಾದ ರಿವೆಟ್ಟನ್ನು ಮೊದಲು ಬಿಗಿಮಾಡಿ ನೋಡಬೇಕು. ಹೊರಗಿಂದ ಒಬ್ಬರು ಭಾರದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು, ಒಳಗಿಂದ ಇನ್ನೊಬ್ಬರು ಸುತ್ತಿಗೆಯಲ್ಲಿ ಸಣ್ಣ ಸಣ್ಣ ಪೆಟ್ಟು. ಭಾವ ಟ್ರೇಲರಿನಡಿ ಮಲಗಿ ಹಿಡಿದರು, ನಾನು ಹೊಡೆದೆ. ಬಹುಪಾಲು ಇಷ್ಟಕ್ಕೇ ನಿಂತವು. ತಲೆ ಸವೆದುಹೋದವನ್ನು ಡ್ರಿಲ್ ಮಾಡಿ ತೆಗೆದು, ತುದಿ ಮುಚ್ಚಿದ ಬ್ಲೈಂಡ್ ರಿವೆಟ್ ಪಾಲಿಯುರೆಥೇನ್ ಸೀಲಂಟಿನಲ್ಲಿ ಅದ್ದಿ ಹೊಡೆದೆವು. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಪಾಪ್ ರಿವೆಟ್ ನೀರಿನ ಮಟ್ಟದ ಕೆಳಗೆ ಆಗದು, ಅದರ ನಡುವಿನ ತೂತಿನಲ್ಲೇ ನೀರು ಬರುತ್ತದೆ. ಸಿಲಿಕಾನ್ ಅಂತೂ ಬೇಡವೇ ಬೇಡ: ಅದು ಹತ್ತಿದ ಮೇಲೆ ಮುಂದೆ ಬೇರೆ ಯಾವ ಅಂಟೂ ಅಲ್ಲಿ ಕೂರುವುದಿಲ್ಲ.

ಎಂಜಿನ್ ಕೂರುವ ಹಿಂಬದಿಯ ಹಲಗೆ, ಟ್ರಾನ್ಸಮ್ಮು, ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗಿಳಿಯುವಷ್ಟು ಕೊಳೆತಿತ್ತು. ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯವರು ಹೊರಾಂಗಣಕ್ಕೆ ಎಂದು ಕೊಡುವ ಸಂಸ್ಕರಿಸಿದ ಪ್ಲೈವುಡ್ಡಿನಲ್ಲಿ ಬಹಳಷ್ಟು ಸಲ ತಾಮ್ರದ ಲವಣವಿರುತ್ತದೆ. ತಾಮ್ರ, ಉಪ್ಪುನೀರು, ಅಲ್ಯೂಮಿನಿಯಂ ಮೂರೂ ಸೇರಿದರೆ ಕೆಲವು ವರ್ಷದಲ್ಲಿ ದೋಣಿಯ ಹಿಂಭಾಗವೇ ಜರಡಿ. ಸಂಸ್ಕರಿಸದ ಮರೀನ್ ಪ್ಲೈ 18 ಮಿಲಿಮೀಟರಿನದು ಎರಡು ಪದರ, ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ಅಂಟಿಸಿ, ಅಂಚುಗಳಿಗೆ ಹೀರುವಷ್ಟು ಹೀರಿಸಿದೆವು. ಬೋಲ್ಟಿನ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ತೂತು. ಹೀಗೆ ಮಾಡಿದರೆ ಬೋಲ್ಟು ಸಡಿಲಾದರೂ ಮರಕ್ಕೆ ನೀರು ಮುಟ್ಟುವುದಿಲ್ಲ.

ಎಂಜಿನ್ನಿನದು ಹೆಚ್ಚೇನಿಲ್ಲ. ತಂಪುನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ರೆಕ್ಕೆಚಕ್ರ, ಇಂಪೆಲ್ಲರ್, ಬಾಗಿ ಹಾಗೇ ಸೆಟೆದಿತ್ತು, ಬದಲಿಸಿದೆ. ತಂಪುನೀರು ಚಿಮ್ಮುವ ತೂತಿಗೆ ಉಪ್ಪು ಕಟ್ಟಿತ್ತು, ಗಾಳದ ನೈಲಾನ್ ದಾರ ತೂರಿಸಿ ಬಿಡಿಸಿದೆ. ಪ್ಲಗ್, ಇಂಧನದ ಪೈಪು, ಒತ್ತುವ ಬಲ್ಬು ಹೊಸದು. ಹಳೆ ಪೆಟ್ರೋಲ್ ಪೂರ್ತಿ ಹೊರಗೆ. 12 ಲೀಟರ್ ಟ್ಯಾಂಕಿಗೆ 50ಕ್ಕೆ 1ರಂತೆ 240 ಮಿಲಿಲೀಟರ್ ಎಣ್ಣೆ.

ಲಂಗರು, ಹಗ್ಗ, ರಾಟೆ

ದ್ವೀಪದಲ್ಲಿ ಇಳಿಯಲು ಯೋಚಿಸಿದ್ದು ಹಾಬ್ಸ್ ಬೀಚ್. ಮರಳಿದೆ, ದೋಣಿಯವರು ಎದುರಿಗೆ ಲಂಗರು ಹಾಕಿ ದಡಕ್ಕೆ ಬರುತ್ತಾರೆ. ಆದರೆ ಇಲ್ಲಿಯ ಉಬ್ಬರವಿಳಿತ ನಮ್ಮೂರಿನದಲ್ಲ. ಕರ್ನಾಟಕದ ಕರಾವಳಿಯಲ್ಲಿ ಒಂದೂವರೆ ಮೀಟರ್ ಏರಿಳಿದರೆ ದೊಡ್ಡ ಮಾತು; ಆಕ್ಲೆಂಡಿನಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಮೂರು ಮೀಟರಿನ ಹತ್ತಿರ ಹೋಗುತ್ತದೆ. ದೋಣಿ ಮರಳಿಗೆ ಎಳೆದಿಟ್ಟು ನಡೆಯಲು ಹೋದರೆ, ಬರುವಷ್ಟರಲ್ಲಿ ನೀರು ಎಲ್ಲೋ, ದೋಣಿ ಎಲ್ಲೋ. ಎಂಜಿನ್ ಸಮೇತ ಅದನ್ನು ಇಬ್ಬರು ಎಳೆಯಲಾರೆವು.

ಭಾವ ಇದಕ್ಕೆ ರಾಟೆಯ ಏರ್ಪಾಡು ಮಾಡಿದರು. ಆಳದಲ್ಲಿ ಲಂಗರು ಬಿಟ್ಟು, ಅದಕ್ಕೆ ಕಟ್ಟಿದ ತೇಲುಬುರುಡೆಯ, ಅಂದರೆ ಬೋಯದ, ಕೆಳಗೆ ಒಂದು ರಾಟೆ. ರಾಟೆಯ ಮೂಲಕ ಹೋಗಿ ಬರುವ ಹಗ್ಗದ ಎರಡು ತುದಿಯೂ ದಡದಲ್ಲಿ. ದೋಣಿಯನ್ನು ಹಗ್ಗದ ನಡುವೆ ಕಟ್ಟಿ, ಒಂದು ಎಳೆ ಎಳೆದರೆ ದೋಣಿ ಆಳಕ್ಕೆ, ಇನ್ನೊಂದು ಎಳೆದರೆ ದಡಕ್ಕೆ. ಹಗ್ಗ ಮುಳುಗುವ ಜಾತಿಯದಾಗಿರಬೇಕು, ತೇಲುವುದಾದರೆ ಯಾರದೋ ಪ್ರೊಪೆಲ್ಲರಿಗೆ ಸುತ್ತುತ್ತದೆ. ಮನೆಯ ರಸ್ತೆಯಲ್ಲಿ ಕೈಗಾಡಿ ಕಟ್ಟಿ ಪರೀಕ್ಷೆ ಮಾಡಿದಾಗ ಅಕ್ಕಪಕ್ಕದವರು ಕಿಟಕಿಯಿಂದ ನೋಡಿದರು.

ಲಂಗರಿನ ಸರಪಳಿಗೆ ಇನ್ನೊಂದು ತಾಪತ್ರಯ. 2021ರಲ್ಲಿ ಗ್ರೇಟ್ ಬ್ಯಾರಿಯರ್ ದ್ವೀಪದಲ್ಲಿ ಪತ್ತೆಯಾದ ಕೌಲರ್ಪಾ ಎಂಬ ಹೊರಗಿನ ಕಡಲಪಾಚಿ 2023ರ ಹೊತ್ತಿಗೆ ಕವಾವು, ವೈಹೆಕೆ ದ್ವೀಪಗಳ ಹತ್ತಿರವೂ ಬಂತು. ಚೂರೊಂದು ಹರಿದು ಲಂಗರಿಗೆ ಸಿಕ್ಕಿಕೊಂಡು ಬಂದರೆ ಇನ್ನೊಂದು ಕಡೆ ಬೇರೂರುತ್ತದೆ. ಆದ್ದರಿಂದ ಲಂಗರಿಗೆ ಮುಚ್ಚಿದ ಪೆಟ್ಟಿಗೆ ಬೇಡ. ಎಲ್ಲ ಕಡೆ ತೂತಿರುವ ಪ್ಲಾಸ್ಟಿಕ್ ಬುಟ್ಟಿ. ಎತ್ತಿದಲ್ಲೇ ಜಾಡಿಸಿ ನೋಡಿ, ಮನೆಗೆ ಬಂದು ಸಿಹಿನೀರಲ್ಲಿ ತೊಳೆದು ಒಣಗಿಸುವುದು.

ಮನೆಯಲ್ಲೇ ಬೇಲಿ

ದೋಣಿ ಎಷ್ಟು ಚೊಕ್ಕವಾದರೂ ಮತ್ತೆ ಬೇಲಿಬುಡದಲ್ಲೇ ನಿಲ್ಲಿಸಿದರೆ ಏನು ಪ್ರಯೋಜನ? ಕಾಂಕ್ರೀಟಿನ ಮೇಲೆ, ಗಿಡ ಗೋಡೆ ಯಾವುದೂ ತಾಗದಂತೆ ನಿಲ್ಲಿಸಿದೆವು. ಟ್ರೇಲರಿನ ಚೌಕಟ್ಟು ಟೊಳ್ಳು ಕೊಳವೆ; ಇರುವೆಗೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ. ಅದರ ತುದಿಗಳಿಗೆ ಬಿರಡೆ. ಸುತ್ತ ಇರುವೆ ಮದ್ದು, ಪಕ್ಕದಲ್ಲಿ ಇಲಿ ಬೋನು. ಹೊರಡುವ ದಿನ ಟ್ರೇಲರ್ ದ್ವೀಪಕ್ಕೆ ಬರುವುದಿಲ್ಲ ನಿಜ, ಆದರೆ ದೋಣಿ ರಾತ್ರಿಯಿಡೀ ಅದರ ಮೇಲೇ ಕೂತಿರುತ್ತದಲ್ಲ.

ಸಾಮಾನಿಗೆ ಮುಚ್ಚಳ ಬಿಗಿಯುವ ಬಕೆಟ್ಟುಗಳು. ಬಾಯಿ ತೆರೆದ ಚೀಲ ಒಂದೂ ಇಲ್ಲ. ಚಿತ್ರಾನ್ನದ ಡಬ್ಬಿಯೂ ಬಕೆಟ್ಟಿನೊಳಗೆ. ಭಾವನ ಹತ್ತಿರ ಗ್ಯಾರೇಜಿನಲ್ಲಿ ನೇತುಹಾಕಿದ ಗಾಳದ ಚೀಲವಿತ್ತು, ಹತ್ತಾರು ಜೇಬು. ಅದನ್ನು ತರುತ್ತೇನೆಂದರು. ಬೇಡ ಭಾವ ಎಂದೆ. ಜೇಬು ಜೇಬೂ ಮಗುಚಿ ತೋರಿಸಿದರೆ ತರಬಹುದು ಎಂದದ್ದಕ್ಕೆ ಮುಖ ದಪ್ಪ ಮಾಡಿಕೊಂಡು ಚೀಲ ಅಲ್ಲೇ ಬಿಟ್ಟರು. ಬೂಟಿನ ಅಡಿಯ ಮಣ್ಣು, ಕಾಲುಚೀಲಕ್ಕೆ ಹತ್ತಿದ ಹುಲ್ಲಿನ ಬೀಜ, ಜಾಕೆಟ್ಟಿನ ವೆಲ್ಕ್ರೋ ಪಟ್ಟಿ ಇವನ್ನೆಲ್ಲ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದ್ದು ಅಕ್ಕ. ಬೀಜ ಅತಿ ಹೆಚ್ಚು ಸಿಕ್ಕಿದ್ದು ವೆಲ್ಕ್ರೋದಲ್ಲಿ.

ಸಮುದ್ರದ ನಡುವೆ ಇಲಿ ಕಣ್ಣಿಗೆ ಬಿದ್ದರೆ ಏನು ಮಾಡುವುದೆಂದೂ ಮೊದಲೇ ಮಾತಾಡಿಕೊಂಡೆವು. ದ್ವೀಪದ ಹತ್ತಿರ ಹೋಗುವುದೇ ಇಲ್ಲ, ನೇರ ವಾಪಸ್. ನೀರಿಗೆ ಓಡಿಸುವುದೂ ಇಲ್ಲ, ಅದು ಈಜುತ್ತದೆ. ದ್ವೀಪದಲ್ಲಿ ಕಂಡರೆ ಸಂರಕ್ಷಣಾ ಇಲಾಖೆಯ 0800 362 468ಕ್ಕೆ ಫೋನು.

ದಾರಿಯ ಲೆಕ್ಕ

ಹೊರಡುವುದು ಪರ್ಯಾಯದ್ವೀಪದ ಉತ್ತರ ಮಗ್ಗುಲಿನ ಆರ್ಮಿ ಬೇ ಇಳಿಜಾರಿನಿಂದ. ಅಲ್ಲಿಂದ ಹಾಬ್ಸ್ ಬೀಚಿಗೆ ಏಳು ಕಿಲೋಮೀಟರಿನ ಆಸುಪಾಸು, ಅಂದರೆ ನಾಲ್ಕು ನಾಟಿಕಲ್ ಮೈಲಿಗೆ ಹತ್ತಿರ. ಹನ್ನೆರಡು ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಹನ್ನೆರಡು ನಾಟಿಕಲ್ ಮೈಲಿಯಂತೆ, ಇಪ್ಪತ್ತು ನಿಮಿಷ. ಈ ಎಂಜಿನ್ ಗಂಟೆಗೆ ಐದು ಲೀಟರ್ ಕುಡಿಯುತ್ತದೆಂದು ಹಿಡಿದರೂ ಹೋಗಿಬರಲು ನಾಲ್ಕು ಲೀಟರಿನೊಳಗೆ. ಟ್ಯಾಂಕಿನ ಮೂರರಲ್ಲೊಂದು ಹೋಗಲು, ಒಂದು ಬರಲು, ಒಂದು ಮುಟ್ಟಬಾರದ್ದು ಎಂಬ ಲೆಕ್ಕದಲ್ಲಿ 12 ಲೀಟರ್ ಸಾಕಷ್ಟಾಯಿತು. ಆದರೂ ಹುಟ್ಟು ಎರಡು ಇರಲೇಬೇಕೆಂದು ಭಾವನ ಹಟ.

ದೂರಕ್ಕಿಂತ ಪರ್ಯಾಯದ್ವೀಪದ ತುದಿಗೂ ದ್ವೀಪಕ್ಕೂ ನಡುವಿನ ಕಾಲುವೆ ದೊಡ್ಡ ವಿಷಯ. ನೀರಿನ ಹರಿವು ಒಂದು ಕಡೆಗೆ, ಗಾಳಿ ಎದುರಿನಿಂದ ಆದರೆ ಅಲ್ಲಿ ಗಿಡ್ಡ, ಕಡಿದಾದ ಅಲೆ ಏಳುತ್ತದೆ. ಹನ್ನೆರಡಡಿಗೆ ಅದು ತಮಾಷೆಯಲ್ಲ. ಬೇಸಿಗೆಯ ಮಧ್ಯಾಹ್ನ ಕಡಲಗಾಳಿಯೂ ಬೀಸುತ್ತದೆ. ಹಾಗಾಗಿ ನಿಯಮ ಮಾಡಿಕೊಂಡೆವು: ಮುನ್ಸೂಚನೆ ಹತ್ತು ನಾಟ್ ದಾಟಿದ್ದರೆ ಹೊರಡುವುದಿಲ್ಲ, ಬೆಳಗ್ಗೆಯೇ ಹೋಗುವುದು, ಹರಿವು ಮಂದವಾಗಿರುವ ಹೊತ್ತಿಗೆ ಕಾಲುವೆ ದಾಟುವುದು, ಹನ್ನೆರಡಕ್ಕೆ ಮುಂಚೆ ವಾಪಸ್. ದಡದ 200 ಮೀಟರಿನೊಳಗೆ ಐದು ನಾಟ್, ಅದು ಇಲ್ಲಿಯ ಕಾನೂನೇ.

ನ್ಯೂಜಿಲೆಂಡಿನಲ್ಲಿ ಇಂಥ ಸಣ್ಣ ದೋಣಿ ನಡೆಸಲು ಲೈಸೆನ್ಸ್ ಬೇಡ, ದೋಣಿಗೆ ನೋಂದಣಿಯೂ ಬೇಡ. ಇದು ನನಗೆ ಅಷ್ಟು ಸರಿ ಕಾಣುವುದಿಲ್ಲ, ಆದರೆ ಇರುವುದು ಹಾಗೆ. ಹಾಗಾಗಿ ಯಾರೂ ಕೇಳದಿದ್ದರೂ ನಾವೇ ಕೇಳಿಕೊಳ್ಳಬೇಕು. ಲೈಫ್ ಜಾಕೆಟ್ ಮೈಮೇಲೆ, ಸೀಟಿನ ಕೆಳಗಲ್ಲ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೋ. ತುರ್ತಿಗೆ 16ನೇ ಚಾನೆಲ್. ಫೋನು ನೀರು ಹೋಗದ ಚೀಲದಲ್ಲಿ. ಅದರಲ್ಲಿ *500 ಒತ್ತಿದರೆ ಕೋಸ್ಟ್‌ಗಾರ್ಡ್. ದಡದಲ್ಲಿ ಅಕ್ಕ. ಎಲ್ಲಿಂದ, ಎಲ್ಲಿಗೆ, ದೋಣಿಯ ಬಣ್ಣ, ಎಷ್ಟು ಜನ ಎಂದು ಒಂದು ಚೀಟಿ ಫ್ರಿಜ್ಜಿನ ಮೇಲೆ. "ಹನ್ನೆರಡೂವರೆಗೆ ಫೋನ್ ಬರಲಿಲ್ಲ ಅಂದ್ರೆ ನಿಮಗೆ ಮಾಡಿ ನೋಡೋದಿಲ್ಲ, ನೇರ ಕೋಸ್ಟ್‌ಗಾರ್ಡಿಗೇ ಮಾಡ್ತೀನಿ" ಅಂದಳು. ಅದೇ ಸರಿ.

ನೀರಿಗಿಳಿಸಿದ ಮೇಲೆ

ಪರೀಕ್ಷೆಗೆ ಆರ್ಮಿ ಬೇಯೊಳಗೇ ದಡದ ಗುಂಟ ಓಡಿಸಿದೆವು. ಟ್ರಾನ್ಸಮ್ ಅಲುಗಲಿಲ್ಲ, ತಂಪುನೀರು ಸರಿಯಾಗಿ ಚಿಮ್ಮಿತು. ಕೀಲ್‌ನ ಮುಂಭಾಗದಲ್ಲಿ ಒಂದು ರಿವೆಟ್ ಮಾತ್ರ ಇನ್ನೂ ಒಸರುತ್ತಿದೆ, ಸ್ಪಂಜಿನಲ್ಲಿ ಒತ್ತಿ ತೆಗೆಯುವಷ್ಟು. ರಾಟೆಯ ಹಗ್ಗ ಮೊದಲು ತಿರುಚಿಕೊಂಡಿತು. ಬೋಯಕ್ಕೂ ರಾಟೆಗೂ ನಡುವೆ ತಿರುಗುವ ಕೊಂಡಿ ಹಾಕಿದ ಮೇಲೆ ಸುಸೂತ್ರ.

ಇನ್ನು ಕಾಯುವುದು ಗಾಳಿಗೆ. ಈ ವಾರಾಂತ್ಯ ಹದಿನೆಂಟು ನಾಟ್ ಹೇಳಿದ್ದಾರೆ, ಹೋಗುವುದಿಲ್ಲ. ಅಷ್ಟರಲ್ಲಿ ಆ ರಿವೆಟ್ಟಿಗೆ ಇನ್ನೊಂದು ಕೈ ನೋಡಬೇಕು. ಹಿಂದಿನ ಸೀಟಿನ ತಿರುಪಿನಲ್ಲಿ ಒಂದರ ಮರೆ (ಥ್ರೆಡ್) ಸವೆದಿದೆ, ಅದನ್ನೂ ಬದಲಿಸಬೇಕು. ಹೊರಡುವ ಬೆಳಗ್ಗೆ ಮೂರೂ ಸೀಟು ಬಿಚ್ಚಿ, ಫೋಮು ಹೊರಗೆ ತೆಗೆದು, ಟಾರ್ಚ್ ಹಾಕಿ ನೋಡುವುದು ನನ್ನ ಪಾಲು. ಬಕೆಟ್ಟುಗಳು ಭಾವನ ಪಾಲು. ಗಾಳದ ಚೀಲದ ಮಾತು ಇನ್ನೂ ಮುಗಿದಿಲ್ಲ.